ದೊಡ್ಡಪ್ಪನ ತೋರುಬೆರಳು

ನಮ್ಮ ದೊಡ್ಡಪ್ಪ ಗುರುಸಿದ್ದಪ್ಪ ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರ ಅಗ್ನಿಶಾಮಕ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ನಿವೃತ್ತರಾದರೂ ಅವರ ತೋರುಬೆರಳಿಗೆ ಮಾತ್ರ ಬಿಡುವು ಸಿಗಲಿಲ್ಲ. ದಾರಿಯಲ್ಲಿ ಯಾರಾದರೂ ಬಿದ್ದು, ಸುತ್ತ ಜನ ನಿಂತಿದ್ದರೆ ಸಾಕು, ನುಗ್ಗಿಬಿಡುತ್ತಿದ್ದರು. ಗುಂಪಿಗೆ ಕೂಗುವವರಲ್ಲ; ಒಬ್ಬೊಬ್ಬರತ್ತ ಬೆರಳು ಚಾಚಿ ಕೆಲಸ ಹಂಚುತ್ತಿದ್ದರು.

"ಎಲ್ಲಾರಿಗೂ ಹೇಳಿದ್ರ ಯಾರೂ ಅಲುಗಾಡಂಗಿಲ್ಲ. ಒಬ್ಬಂಗ ಹೇಳು, ಅಂವಾ ಓಡತಾನ," ಎನ್ನುತ್ತಿದ್ದರು. ಕಾರ್ಖಾನೆಯ ಡ್ರಿಲ್ಲಿನಲ್ಲಿ ಕಲಿತ ಪಾಠವದು.

ದೊಡ್ಡವ್ವ ಗುಣವತಿಗೆ ಇದೊಂದು ತಲೆನೋವು. "ಊರ ಉಸಾಬರಿ ನಿಮಗ್ಯಾಕ್ರಿ?" ಎಂದು ಬೈಯುತ್ತಿದ್ದಳು. ನಾನೂ ಅವಳ ಪಕ್ಷವೇ. ನಾಲ್ಕು ಜನರೆದುರು ಅವರು ಬೆರಳು ಚಾಚಿದರೆ ನನಗೆ ನಾಚಿಕೆಯಾಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ನನ್ನ ಮದುವೆಯ ಸೀರೆಗೆಂದು ಮೂವರೂ ಕೋಠಿ ಮಾರುಕಟ್ಟೆಗೆ ಹೋಗಿದ್ದೆವು. ಬಸ್ಸಿಳಿದು ಹತ್ತು ಹೆಜ್ಜೆ ನಡೆದಿರಲಿಲ್ಲ, ದೊಡ್ಡಪ್ಪ ಎದೆ ಹಿಡಿದುಕೊಂಡು ಕುಸಿದರು. ಮೈಯೆಲ್ಲ ಬೆವರು, ಮಾತಿಲ್ಲ. ದೊಡ್ಡವ್ವ ಅವರ ಪಕ್ಕ ಕುಕ್ಕರಿಸಿದಳು. ಜನ ಸುತ್ತುವರಿದರು. ಒಬ್ಬ ಫೋನೆತ್ತಿ ವಿಡಿಯೊ ಮಾಡತೊಡಗಿದ. "ಯಾರಾದರೂ ಬನ್ನಿ" ಎಂದು ನಾನು ಹಿಂದಿಯಲ್ಲಿ, ತೆಲುಗಿನಲ್ಲಿ ಅರಚಿದೆ. ಒಬ್ಬರೂ ಕದಲಲಿಲ್ಲ. ದೊಡ್ಡಪ್ಪ ಕಣ್ಣೆದುರೇ ಹೋಗಿಬಿಡುತ್ತಾರೆಂದು ನಾನು ಅಳತೊಡಗಿದೆ.

ಆಗ ದೊಡ್ಡವ್ವ ಎದ್ದು ನಿಂತಳು. ಹೊರಗೆ ಬಂದರೆ ದನಿಯೇ ಎತ್ತದ ಹೆಂಗಸು. ಅವಳ ಬೆರಳು ಮೊದಲು ತಿರುಗಿದ್ದು ನನ್ನ ಕಡೆಗೇ.

"ಲಹರಿ, ಅಳಬ್ಯಾಡ. ತಲಿ ಹಿಡಿ."

ಆಮೇಲೆ ವಿಡಿಯೊ ಮಾಡುತ್ತಿದ್ದವನತ್ತ: "ಏ ನೀಲಿ ಅಂಗಿ! ಫೋನ್ ಇಡು, ಆಟೋ ನಿಲ್ಲಸು."

ಛತ್ರಿ ಹಿಡಿದಿದ್ದ ಹೆಂಗಸಿನತ್ತ: "ಅಕ್ಕಾ, ಛತ್ರಿ ಇವರ ಮ್ಯಾಲೆ ಹಿಡೀರಿ."

ಗಾಬರಿಗೆ ಅವಳ ಹರಕು ಹಿಂದಿಯೂ ಮರೆತುಹೋಗಿ, ಎಲ್ಲವನ್ನೂ ಕನ್ನಡದಲ್ಲೇ ಹೇಳಿದ್ದಳು. ಆದರೂ ಬೆರಳು ತಮ್ಮ ಮೇಲಿದೆಯೆಂದು ಅವರಿಗೆ ತಿಳಿಯಿತು. ನೀಲಿ ಅಂಗಿಯವನು ಆಟೋ ತಂದದ್ದಷ್ಟೇ ಅಲ್ಲ, ದೊಡ್ಡಪ್ಪನನ್ನು ಎತ್ತಿ ಕೂರಿಸಿ, ಆಸ್ಪತ್ರೆಯ ಬಾಗಿಲವರೆಗೂ ತಬ್ಬಿ ಹಿಡಿದುಕೊಂಡೇ ಬಂದ. ಅವನ ಹೆಸರು ಕೇಳಲೂ ನನಗೆ ಹೊಳೆಯಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮೂರನೆಯ ದಿನ ದೊಡ್ಡಪ್ಪ ಚೇತರಿಸಿಕೊಂಡು ಕೀಟಲೆ ಶುರುಮಾಡಿದರು. "ಏನಽ, ಊರ ಉಸಾಬರಿ ಮಾಡಿದಿಯಂತಲ್ಲ? ಎಷ್ಟ ಮಂದಿಗೆ ಬೆರಳ ತೋರಿಸಿದಿ?"

"ನಾಕು ಮಂದಿಗೆ," ಎಂದಳು ದೊಡ್ಡವ್ವ.

"ಮೂರೇ ಅಲ್ಲೇನು?" ಎಂದೆ ನಾನು.

"ಆಟೋದಾಗ ಕುಂತಾಗ ಮ್ಯಾಲಿನಾಂವಗೂ ತೋರಿಸಿದೆ. 'ಏ, ನಿನಗಽ ಹೇಳಾಕತ್ತೀನಿ, ಇವರನ್ನ ಮುಟ್ಟಬ್ಯಾಡ' ಅಂದೆ."

ದೊಡ್ಡಪ್ಪ ನಗಲಿಲ್ಲ. ಅವಳ ಆ ಬೆರಳನ್ನು ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡರು. ನರ್ಸು ಬಂದು ಹೊರಗೆ ಹೋಗಿ ಎಂದರೂ ಬಿಡಲಿಲ್ಲ.