ಸಮ್ಮೇಳನದ ಚರಿತ್ರೆ ಮತ್ತು ಒಬ್ಬ ಹುಡುಗಿಯ ಫೋಟೊಗಳು

ಜನವರಿಯ ಎರಡನೆಯ ಭಾನುವಾರ, ಬೆಳಗ್ಗೆ ಏಳು ಗಂಟೆ. ಸ್ಥಳ, ಆದೋನಿಯ ಒಂದು ಕಲ್ಯಾಣ ಮಂಟಪದ ಊಟದ ಕೋಣೆ. ಹಾಜರಿದ್ದವರು: ಹೆರಿಗೆ ವಾರ್ಡಿನ ಹೆಡ್ ಸಿಸ್ಟರ್ ಆಗಿ ನಿವೃತ್ತಳಾದ ನಾನು, ಪೆದ್ದಕಡುಬೂರಿನಿಂದ ಬಂದ ಒಬ್ಬ ತಾಯಿ, ಕಾಲೇಜು ಓದುವ ಅವಳ ಮಗಳು. ಡ್ಯೂಟಿ ಬದಲಾಗುವಾಗ ಹೀಗೆ ಬರೆದಿಡುವುದು ಕೈಗೆ ಕೂತ ಅಭ್ಯಾಸ. ಸಿಟ್ಟು ಬಂದ ದಿನ ಅದೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹುಟ್ಟುವಾಗ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾದ ಮಕ್ಕಳ ಬಗ್ಗೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ವೈದ್ಯರ ಸಮ್ಮೇಳನ ನಡೆಯುತ್ತದೆ. ಮೊದಲನೆಯದು ನಡೆದದ್ದು ನಮ್ಮ ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ. ಪರದೆ ಎಂದರೆ ವಾರ್ಡಿನ ಬಿಳಿ ಬೆಡ್‌ಶೀಟು. ಬಂದಿದ್ದ ಕೆಲವೇ ವೈದ್ಯರು, ಮಗು ಅಳದಿದ್ದರೆ ತಪ್ಪು ತಾಯಿಯದೋ ಸೂಲಗಿತ್ತಿಯದೋ ಎಂದು ಮಧ್ಯಾಹ್ನದವರೆಗೆ ಜಗಳಾಡಿದರು. ಮುಂದಿನ ಸಲ ಆ ಮಾತು ಬಿಟ್ಟು, ಉಸಿರು ನಿಂತಾಗ ಮೆದುಳಿನೊಳಗೆ ಏನಾಗುತ್ತದೆ ಎಂದು ಕೇಳಿದರು. ಪೆಟ್ಟು ಒಂದೇ ಗಳಿಗೆಯಲ್ಲಿ ಮುಗಿಯುವುದಿಲ್ಲ, ಆಮೇಲೂ ಒಳಗೊಳಗೇ ಹರಡುತ್ತದೆ ಎಂದು ನಾನು ತಿಳಿದದ್ದು ಅಲ್ಲೇ. ಅದಾದ ಮೇಲೆಯೇ ನಮ್ಮ ಪ್ರತಿ ಹೆರಿಗೆ ಟೇಬಲ್ಲಿನ ಪಕ್ಕ, ಕೂಸಿಗೆ ಉಸಿರು ಕೊಡುವ ಚೀಲ ಮತ್ತು ಮಾಸ್ಕ್ ಬಂದವು. ಹಾಗಾಗಿ ಸಮ್ಮೇಳನದ ಮೇಲೆ ನನಗೆ ಗೌರವವಿದೆ, ಒಂದನ್ನೂ ತಪ್ಪಿಸಿಲ್ಲ. ಈ ಸಲ ಅದರ ಚರಿತ್ರೆಯನ್ನು ವೇದಿಕೆಯಲ್ಲಿ ಹೇಳುವ ಕೆಲಸ ನನಗೆ ಬಂದದ್ದೂ ಅದಕ್ಕೇ. ನಾನು ಮಾತಾಡುವಾಗ ಪರದೆಯ ಮೇಲೆ ತೋರಿಸಬೇಕಾದ ಚಿತ್ರಗಳನ್ನು ನಮ್ಮ ಹಿರಿಯ ಡಾಕ್ಟರು ತಾವೇ ಜೋಡಿಸಿದ್ದರು.

ಈ ಹುಡುಗಿ ಹುಟ್ಟಿದ್ದು ಮೂರನೆಯ ಸಮ್ಮೇಳನಕ್ಕೆ ಸ್ವಲ್ಪ ಮುಂಚೆ. ಅಳಲಿಲ್ಲ. ಆ ಹಿರಿಯ ಡಾಕ್ಟರೇ ಉಳಿಸಿದರು. ಅಂದಿನಿಂದ ಪ್ರತಿ ಸಮ್ಮೇಳನಕ್ಕೂ ಅವಳನ್ನು ಕರೆಸುವುದು ರೂಢಿಯಾಯಿತು. ಟೇಬಲ್ಲಿನ ಮೇಲೆ ಮಲಗಿಸಿ, ಬಟ್ಟೆ ಬಿಚ್ಚಿ, ಸೆಟೆದ ಕಾಲನ್ನು ಎಲ್ಲರಿಗೂ ತೋರಿಸಿ ಫೋಟೊ ತೆಗೆಯುವುದು. ಎರಡು ವರ್ಷ ಬಿಟ್ಟು ಮತ್ತೆ ತೋರಿಸುವುದು. ಸ್ವಲ್ಪ ದೊಡ್ಡವಳಾದ ಮೇಲೆ ಒಂದು ಸಲ ಅವಳು ಬಾಗಿಲಿನ ಚೌಕಟ್ಟು ಹಿಡಿದು, ಒಳಗೆ ಬರುವುದಿಲ್ಲ ಎಂದು ಕಿರುಚಿದಳು. ಅಲ್ಲಿಗೆ ಅದು ನಿಂತಿತು. ಫೋಟೊಗಳು ಉಳಿದಿದ್ದವು.

ಈ ಸಲ ನನ್ನ ಮಾತು ಕೇಳಲೆಂದು ತಾಯಿ ಮಗಳನ್ನು ನಾನೇ ಕರೆದಿದ್ದೆ. ನಮ್ಮ ಮುಂದೆ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ. ಪಕ್ಕದ ಸಭಾಂಗಣದಲ್ಲಿ ಪರದೆ ಸರಿಹೊಂದಿಸುತ್ತಿದ್ದರು. ತೆರೆದ ಬಾಗಿಲಿನಿಂದ ಅವಳೇ ಮೊದಲು ನೋಡಿದಳು: ಗೋಡೆಯಷ್ಟು ದೊಡ್ಡದಾಗಿ, ಬರೀ ಚಡ್ಡಿಯಲ್ಲಿ, ತಾನು.

ಅವಳಿಗೆ ಮಾತು ನಿಧಾನ, ಒಂದೊಂದು ಪದಕ್ಕೂ ದವಡೆಯ ಜೊತೆ ಗುದ್ದಾಡಬೇಕು. ಬುದ್ಧಿ ಚುರುಕು.

"ಅಜ್ಜಿ, ಬಂದೋರಿಗೆ ಹೂ ಕೊಡಾಕ ನನ್ನ ಕ್ಲಾಸಿನ ಹುಡುಗ್ಯಾರು ಬರ್ತಾರ. ಅವರಿಗೂ ಇದನ್ನ ತೋರಸ್ತೀರೇನು?"

"ಸುಮ್ನಿರು," ತಾಯಿ ಗದರಿದಳು. "ನಿನ್ನ ಜೀವ ಉಳಿಸಿದೋರು ಅವರು. ಬ್ಯಾಡ ಅನ್ನಾಕ ನಾವ್ಯಾರು?"

"ಉಳಿಸ್ಯಾರ. ಅದಕ್ಕ ಜೀವ ಇರೋತನ ಬಟ್ಟಿ ಬಿಚ್ಚೇ ಇರಬೇಕೇನವ್ವ?"

ನಾನು ಕೈ ತೊಳೆದು ಸಭಾಂಗಣಕ್ಕೆ ಹೋದೆ. ಡಾಕ್ಟರು ಮೈಕ್ ನೋಡುತ್ತಿದ್ದರು.

"ಡಾಕ್ಟ್ರೇ, ಪರದಿ ಮ್ಯಾಲಿಂದ ಆ ಹುಡುಗಿ ಫೋಟೊ ತಗಸ್ರಿ."

"ಪರ್ವಾಲೇದು ಸಿಸ್ಟರಮ್ಮ, ಸಣ್ಣಾಕಿದ್ದಾಗಿನವು. ಅವರಮ್ಮ ಒಪ್ಯಾಳ."

"ಆಕಿ ಈಗ ಸಣ್ಣಾಕಿ ಅಲ್ಲ. ಆಕಿನ್ನ ಕೇಳ್ರಿ."

"ಇವು ಇಲ್ಲಂದ್ರ ಚರಿತ್ರೆ ಹೆಂಗ ಹೇಳ್ತೀರಿ? ಕಣ್ಣಿನ ಮ್ಯಾಲ ಕರೀ ಪಟ್ಟಿ ಹಾಕಸ್ತೀನಿ, ಗುರುತು ಸಿಗಂಗಿಲ್ಲ."

ಹುಡುಗಿ ಗೋಡೆ ಹಿಡಿದುಕೊಂಡು ನನ್ನ ಹಿಂದೆಯೇ ಬಂದಿದ್ದಳು. "ಸರ್, ನಮ್ಮ ಕಾಲೇಜಿನಾಗ ಹಿಂಗ ನಡಿಯಾಕಿ ನಾನೊಬ್ಬಾಕಿ. ಪಟ್ಟಿ ಕಾಲಿಗೆ ಹಾಕಸ್ರಿ."

ಡಾಕ್ಟರು ನಕ್ಕರು. ತಮಾಷೆ ಎಂದುಕೊಂಡರು. ನನ್ನ ತಲೆ ಕಾದದ್ದು ಆ ನಗುವಿಗೆ.

"ಹಂಗಾದ್ರ ಚರಿತ್ರೆ ನೀವ ಹೇಳ್ಕೊಳ್ರಿ," ಎಂದೆ. "ನಾ ಮೈಕ್ ಮುಟ್ಟಂಗಿಲ್ಲ. ಹೊರಗಿಂದ ಬಂದ ಡಾಕ್ಟ್ರು ಯಾಕ ಅಂತ ಕೇಳಿದ್ರ, ಯಾಕ ಅಂತನೂ ಹೇಳ್ತೀನಿ."

ಅವರು ಕೆಟ್ಟವರಲ್ಲ. ಊಟ ಬಿಟ್ಟು, ಚೀಲ ಒತ್ತಿ ಒತ್ತಿ ಈ ಕೂಸಿಗೆ ಉಸಿರು ಕೊಟ್ಟದ್ದನ್ನು ಪಕ್ಕದಲ್ಲಿ ನಿಂತು ಕಂಡವಳು ನಾನು. ನನ್ನ ಸಿಟ್ಟು ಅದಕ್ಕೇ. ಆಹ್ವಾನ ಪತ್ರಿಕೆಯ ತುಂಬ ಬೆಳೆಯುವ ಮೆದುಳು, ಬೆಳೆಯುವ ಮೆದುಳು ಎಂದು ಅಚ್ಚು ಹಾಕಿಸಿದ್ದಾರೆ. ಆ ಮೆದುಳಿರುವ ಹುಡುಗಿಯೂ ಬೆಳೆಯುತ್ತಾಳೆ, ನಾಚುತ್ತಾಳೆ, ಬೇಡ ಎನ್ನುತ್ತಾಳೆ ಎಂದು ಇಷ್ಟು ಸಮ್ಮೇಳನಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಡಾಕ್ಟರು ಪರದೆಯಿಂದ ಆ ಚಿತ್ರಗಳನ್ನು ತೆಗೆಸಿಬಿಟ್ಟರು. ಹತ್ತು ಗಂಟೆಗೆ ನಾನು ಖಾಲಿ ಪರದೆಯ ಮುಂದೆ ನಿಂತು ಚರಿತ್ರೆ ಹೇಳಿದೆ. ಹುಡುಗಿ ತನ್ನ ಗೆಳತಿಯರ ನಡುವೆ ಕೂತು ಕೇಳಿದಳು.

ಊಟದ ಹೊತ್ತಿಗೆ ತಾಯಿ ನನ್ನೊಡನೆ ಮಾತು ಬಿಟ್ಟಿದ್ದಳು. ಕೈ ತೊಳೆಯುವಾಗ ಒಮ್ಮೆ ಮಾತ್ರ, "ನಾಳೆ ಈಕಿಗೆ ಏನಾರ ಆದ್ರ ಯಾರ ಹತ್ರ ಹೋಗ್ಲಿರಿ?" ಎಂದಳು. ಮಗಳ ಮಾನಕ್ಕೂ ಔಷಧಕ್ಕೂ ಗಂಟು ಹಾಕಿಟ್ಟವರ ಮೇಲೆ ಮತ್ತೊಮ್ಮೆ ಮೈ ಉರಿಯಿತು.

"ಅಜ್ಜಿ, ಫೋಟೊ ಪರದಿ ಮ್ಯಾಲಿಂದ ಹೋದವು. ಆಸ್ಪತ್ರಿ ಕಂಪ್ಯೂಟರ್‌ನಾಗ ಅದಾವಲ್ಲ?" ಎಂದಳು ಹುಡುಗಿ.

ಸಮ್ಮೇಳನ ಮುಗಿದ ಮೇಲೆ, ನಾಲ್ಕು ಗಂಟೆಗೆ, ಡಾಕ್ಟರ ಹಿಂದೆಯೇ ಮೂವರೂ ಆಸ್ಪತ್ರೆಗೆ ಹೋದೆವು. ಅವಳೇ ಅಳಿಸಲಿ ಎಂದು ನಾನು ಹೇಳಿದಾಗ ಡಾಕ್ಟರು ಮುಖ ಬಿಗಿದುಕೊಂಡೇ ಫೋಟೊಗಳನ್ನು ತೆರೆದು, ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅವಳ ಬೆರಳು ಗುಂಡಿಯ ಮೇಲೆ ನಿಲ್ಲಲು ಹೊತ್ತು ಬೇಕು. ತಾವೇ ಒತ್ತಲು ಅವರು ಕೈ ಚಾಚಿದರು. ನಾನು ಅವರ ಮಣಿಕಟ್ಟು ಹಿಡಿದೆ. ಅವಳು ಒಂದೊಂದನ್ನೇ ತೆರೆದು, ನೋಡಿ, ಅಳಿಸಿದಳು. ಒಂದರಲ್ಲಿ ತಾಯಿ, ಎಳೆಯ ವಯಸ್ಸಿನವಳು, ಟೇಬಲ್ಲಿನ ಪಕ್ಕ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಅದೊಂದು ಇಟ್ಕೊಳ್ಳೇ," ಎಂದಳು ತಾಯಿ.

"ನನ್ನ ಕತ್ತರಿಸಿ ನಿನ್ನಷ್ಟ ಇಟ್ಕೋತೀನವ್ವ."

ತಾಯಿಯ ಭಾಗವನ್ನು ಹುಡುಗಿ ತನ್ನ ಫೋನಿಗೆ ಕಳಿಸಿ, ಉಳಿದದ್ದನ್ನೂ ಅಳಿಸಿ ಕಂಪ್ಯೂಟರ್ ಆರಿಸಿದಾಗ ಐದೂವರೆ.