ಕೇಕಿನ ಬೆನ್ನಿಗಿದ್ದ ಕೊನೆಯ ಹಾಳೆ

ಆಗೆಲ್ಲ ಬೇಸಿಗೆ ರಜೆಗೆ ಓದಲು ಏನಾದರೂ ಬೇಕೆಂದರೆ ಅಂಗಡಿಗೆ ಹೋಗುತ್ತಿರಲಿಲ್ಲ, ಯಾರದಾದರೂ ಮನೆಗೆ ಹೋಗುತ್ತಿದ್ದೆವು. ಆಲ್ದೂರಿನ ನಮ್ಮ ಮನೆಯಲ್ಲಿ ಓದಲು ಇದ್ದದ್ದು ಪಠ್ಯಪುಸ್ತಕ, ಪಂಚಾಂಗ ಮತ್ತು ಅಪ್ಪನ ಅಂಗಡಿಯಲ್ಲಿ ಬೆಲ್ಲ ಕಟ್ಟುವ ಹಳೇ ಪೇಪರು. ಅದರಲ್ಲಿ ಕಥೆ ಸಿಕ್ಕರೂ ಅರ್ಧವೇ ಸಿಗುತ್ತಿತ್ತು. ಇನ್ನರ್ಧ ಬೆಲ್ಲದ ಜೊತೆ ಯಾರದೋ ಮನೆ ಸೇರಿರುತ್ತಿತ್ತು. ಹಾಗಾಗಿ ಏಪ್ರಿಲ್ ಹತ್ತಕ್ಕೆ ರಿಸಲ್ಟ್ ಬಂದರೆ ಹನ್ನೊಂದಕ್ಕೆ ನಾನು ಬಾಳೂರಿನ ಬಸ್ಸಿನಲ್ಲಿ. ಅಲ್ಲಿ ನಮ್ಮ ದೊಡ್ಡಮ್ಮನ ಟ್ರಂಕಿತ್ತು.

ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಗಳನ್ನು ದೊಡ್ಡಮ್ಮ ವಾರವಾರವೂ ಕತ್ತರಿಸಿಡುತ್ತಿದ್ದರು. ಮುಗಿದ ಮೇಲೆ ಕಾಫಿ ಚೀಲ ಹೊಲಿಯುವ ದಬ್ಬಳ ಮತ್ತು ಸೆಣಬಿನ ದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ರಟ್ಟಿಗೆ ಹಳೆಯ ಕ್ಯಾಲೆಂಡರು. ಹುಳು ಬೀಳದಿರಲೆಂದು ಒಂದು ಬಟ್ಟೆಗಂಟಿನಲ್ಲಿ ಕಾಳುಮೆಣಸು. ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಮೆಣಸಿನ ಘಾಟಿಗೆ ನಾಲ್ಕು ಸೀನು ಬರುತ್ತಿದ್ದವು. ಇವತ್ತಿಗೂ ಸಾರಿಗೆ ಮೆಣಸು ಕುಟ್ಟುವಾಗ ನನಗೆ ಏನಾದರೂ ಓದಬೇಕು ಅನ್ನಿಸುತ್ತದೆ.

ಆರನೇ ಕ್ಲಾಸು ಮುಗಿಸಿದ ರಜೆಯಲ್ಲಿ ಕೈಗೆ ಸಿಕ್ಕಿದ್ದು ಒಂದು ಸಾಹಸದ ಕಥೆ. ಅಣ್ಣ ತಂಗಿ ಇಬ್ಬರೇ ಹಳೆಯ ಗಣಿಯ ಸುರಂಗದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ನಾನು ಮತ್ತು ದೊಡ್ಡಮ್ಮನ ಮಗಳು ಸುಮ, ಕಣದಲ್ಲಿ ಒಣಗಲು ಹರವಿದ ಮೆಣಸು ಕಾಯುತ್ತ, ಒಂದೊಂದು ಪುಟ ಸರದಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆವು. ಓದುತ್ತಿರುವವಳು ಕೋಳಿ ಓಡಿಸಲು ಏಳಬೇಕಿಲ್ಲ ಎಂಬುದು ನಮ್ಮ ಕಾನೂನು. ಅದಕ್ಕೇ ಸುಮ ಅಕ್ಷರ ಅಕ್ಷರಕ್ಕೂ ನಿಂತು ಓದುತ್ತಿದ್ದಳು. ನನಗೋ ಮೈಯೆಲ್ಲ ಉರಿಯುತ್ತಿತ್ತು. ನೀರು ಮಕ್ಕಳ ಮೊಣಕಾಲಿಗೆ ಬಂತು. ಲಾಟೀನು ಆರಿತು. ಗೋಡೆಯ ಆಚೆಯಿಂದ ಯಾರೋ ಮೂರು ಸಲ ಬಡಿದರು. ಪುಟ ತಿರುಗಿಸಿದರೆ ಕ್ಯಾಲೆಂಡರಿನ ರಟ್ಟು.

"ದೊಡ್ಡಮ್ಮ, ಕೊನೆ ಹಾಳೆನೇ ಇಲ್ಲ."

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅದು ಗಿರಿಜಳ ಪಾಲಿಗೆ ಹೋಯ್ತು."

ಗಿರಿಜತ್ತೆ ಹಳ್ಳದ ಆಚೆಯ ತೋಟದವರು. ಎರಡೂ ಮನೆಗೆ ಸೇರಿ ಒಂದೇ ಪತ್ರಿಕೆ ಬರುತ್ತಿತ್ತು. ಕಥೆ ದೊಡ್ಡಮ್ಮನಿಗೆ, ಅಡುಗೆಯ ಪುಟ ಗಿರಿಜತ್ತೆಗೆ. ಒಂದೇ ಹಾಳೆಯ ಹಿಂದೆ ಮುಂದೆ ಕಥೆ, ಅಡುಗೆ ಎರಡೂ ಇದ್ದರೆ ಒಂದು ವಾರ ಇವರಿಗೆ, ಇನ್ನೊಂದು ವಾರ ಅವರಿಗೆ. ಕಥೆ ಮುಗಿದ ವಾರ ಸರದಿ ಅವರದು. ನಮ್ಮ ಸುರಂಗದ ಬೆನ್ನಿಗೆ ಕುಕ್ಕರಿನಲ್ಲಿ ಕೇಕ್ ಮಾಡುವ ವಿಧಾನವಿತ್ತಂತೆ.

"ಬಡ್ದಿದ್ದು ಯಾರು ಅಂತಾದ್ರೂ ಹೇಳಿ."

"ಅವರ ಅಜ್ಜ ಇರ್ಬೇಕು ಕಣೆ."

ಜಗಲಿಯಲ್ಲಿದ್ದ ದೊಡ್ಡಪ್ಪನಿಗೂ ಕೇಳಿಸಿತು. "ಅಜ್ಜ ಎಲ್ಲಿಂದ ಬಂದ ಮಾರಾಯ್ತಿ? ಆ ಗಡ್ಡದ ಕಳ್ಳ ಅಲ್ವಾ ಬಡ್ದಿದ್ದು?"

ಇಬ್ಬರೂ ಸಂಜೆ ಕಾಫಿಯವರೆಗೆ ವಾದ ಮಾಡಿದರು. ಓದಿದ್ದು ಇಬ್ಬರೂ, ನೆನಪು ಇಬ್ಬರಿಗೂ ಇಲ್ಲ. ಆಚೆ ಮನೆಗೆ ಹೋಗಿ ಕೇಳುವಂತೆಯೂ ಇರಲಿಲ್ಲ. ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರಿನಲ್ಲಿ ನೀರು ಹಾಕುವ ಫೆಬ್ರವರಿಯಲ್ಲಿ ಅವರ ಪಂಪು ಮೊದಲು ಓಡಿ, ನಮ್ಮ ಪಂಪಿಗೆ ಹಳ್ಳದ ಕೆಸರಷ್ಟೇ ಸಿಕ್ಕಿತ್ತು. ಅಂದಿನಿಂದ ಎರಡೂ ಮನೆ ಮಾತು ಬಿಟ್ಟಿದ್ದವು. ಪತ್ರಿಕೆಯೂ ನಿಂತಿತ್ತು.

"ಆ ಕಡೆ ಹೋಗೋದೇನೂ ಬೇಡ. ಕಥೆ ತಾನೆ, ನೀನೇ ಒಂದು ಕೊನೆ ಮಾಡ್ಕ" ಎಂದರು ದೊಡ್ಡಮ್ಮ.

ಸೋಮವಾರ ಅಪ್ಪ ನನ್ನನ್ನು ಕರೆದೊಯ್ಯಲು ಬರುವವರಿದ್ದರು. ಆ ಇಬ್ಬರು ಮಕ್ಕಳನ್ನು ಕತ್ತಲಲ್ಲಿ, ನೀರಿನಲ್ಲಿ ಬಿಟ್ಟು ನಾನು ಏಳನೇ ಕ್ಲಾಸಿಗೆ ಹೇಗೆ ಹೋಗಲಿ?

ಭಾನುವಾರ ಊಟವಾಗಿ ದೊಡ್ಡಮ್ಮ ಅಡ್ಡಾದದ್ದೇ ತಡ, ಹಳ್ಳ ದಾಟಿದೆವು. ಗಿರಿಜತ್ತೆಯ ತೋಟಕ್ಕೆ ಗೇಟಿನ ಬದಲು ಬಿದಿರ ಗಳುಗಳ ಉಣಗೋಲು. ಅಲ್ಲಿಗೆ ಬಂದದ್ದೇ ಸುಮ ನಿಂತಳು.

"ನಾ ಇಲ್ಲೇ ಇರ್ತೀನಿ. ಅಮ್ಮ ಕೇಳಿದ್ರೆ ಒಳಗೆ ಹೋಗಿಲ್ಲ ಅನ್ನಕ್ಕಾಗ್ಬೇಕಲ್ಲ."

ಗಿರಿಜತ್ತೆ ಬಾಗಿಲು ತೆರೆದವರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಆಲ್ದೂರಿನವಳಲ್ವನೆ? ಕಮಲಕ್ಕ ಕಳ್ಸಿದ್ರಾ?"

ಕಮಲಕ್ಕ ಎಂದರೆ ನಮ್ಮ ದೊಡ್ಡಮ್ಮ. ಇಲ್ಲ ಎಂದರೆ ಹಾಳೆ ಸಿಗುವುದಿಲ್ಲ ಅನ್ನಿಸಿತು. "ಹೌದು" ಎಂದುಬಿಟ್ಟೆ.

"ಎಂತ ಹೇಳಿ ಕಳ್ಸಿದ್ರು?"

"ಕೇಕಿನ ಹಾಳೆ ಬೇಕಂತೆ."

ಸೆರಗಿನಲ್ಲಿ ಕೈ ಒರೆಸಿಕೊಂಡು, "ಬಾ ಒಳಗೆ. ಇವತ್ತು ಅದನ್ನೇ ಮಾಡಿದೀನಿ" ಎಂದರು.

ಒಳಗೆಲ್ಲ ಏಲಕ್ಕಿ, ಬೆಣ್ಣೆ, ಕುಕ್ಕರಿನ ತಳಕ್ಕೆ ಹಾಕಿದ ಬಿಸಿ ಮರಳಿನ ವಾಸನೆ. ಅವರು ಕೈಗೆ ಕೊಟ್ಟ ಹಾಳೆಗೆ ಬೆಣ್ಣೆ ಮೆತ್ತಿ ಒಂದು ಕಡೆ ಗಾಜಿನಂತಾಗಿತ್ತು. ಅಲ್ಲಿ ಹಿಂದಿನ ಅಕ್ಷರ ಮುಂದಕ್ಕೆ ಇಣುಕಿ, ಎರಡು ಲೋಟ ಮೈದಾದ ಮೇಲೆ ಲಾಟೀನು ಹತ್ತಿಕೊಂಡಿತ್ತು. ನಿಂತಲ್ಲೇ ಉಸಿರು ಕಟ್ಟಿ ಓದಿದೆ. ಬಡಿದದ್ದು ಅಜ್ಜನೂ ಅಲ್ಲ, ಕಳ್ಳನೂ ಅಲ್ಲ. ಗೊತ್ತಾದ ಕೂಡಲೇ ಕಿಟಕಿಗೆ ಓಡಿ ಸುಮಳಿಗೆ ಕೂಗಿ ಹೇಳಿದೆ. ಉಣಗೋಲಿನ ಹತ್ತಿರ ಅವಳು ಲಂಗ ಎತ್ತಿ ಹಿಡಿದು ಕುಣಿದದ್ದು ಕಾಣಿಸಿತು. ಅಷ್ಟು ಸಂತೋಷ ನನಗೆ ಪಾಸಾದಾಗಲೂ ಆಗಿರಲಿಲ್ಲ.

"ಹಿಂದಿರೋ ಕೇಕಿಂದು ಬರ್ದ್ ಕೊಟ್ಟು ಹಾಳೆ ತಗಂಡ್ ಹೋಗು" ಎಂದರು ಗಿರಿಜತ್ತೆ. ಬರೆದು ಮುಗಿಸುವಷ್ಟರಲ್ಲಿ ಸ್ಟೀಲ್ ಡಬ್ಬಿ ತುಂಬ ಕೇಕಿನ ತುಂಡುಗಳು ನನ್ನ ಮುಂದಿದ್ದವು. "ಕಮಲಕ್ಕಂಗೆ ಕೊಡು. ಕೇಳಿದೆ ಅನ್ನು."

ಡಬ್ಬಿ ಹಿಡಿದು ಹಳ್ಳ ದಾಟುವಾಗ ನನ್ನ ಸುಳ್ಳಿನ ಭಾರ ಗೊತ್ತಾಯಿತು. ದೊಡ್ಡಮ್ಮ ಮೆಟ್ಟಿಲಲ್ಲೇ ಕೂತಿದ್ದರು. ಡಬ್ಬಿಯ ಗುರುತು ಅವರಿಗೆ ಹತ್ತದೆ ಇರುತ್ತದೆಯೇ.

"ನಾನು ಕಳ್ಸಿದೀನಿ ಅಂದ್ಯಾ?"

ತಲೆ ತಗ್ಗಿಸಿ ನಿಂತೆ. ಬೆನ್ನಿಗೆ ಬೀಳಲಿದ್ದ ಏಟಿಗೆ ಬೆನ್ನೇ ಸಿದ್ಧವಾಗಿತ್ತು. ಮುಚ್ಚಳ ತೆಗೆದ ಸದ್ದಾಯಿತು. ದೊಡ್ಡಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. "ತಳ ಸೀದಿದೆ" ಎಂದು ಇನ್ನೊಂದು ತಗೊಂಡರು. ಆಮೇಲೆ, "ಖಾಲಿ ಡಬ್ಬಿ ಹೆಂಗೆ ವಾಪಸ್ ಕೊಡದು?" ಎಂದು ಬೈಯುತ್ತಲೇ ಒಳಗೆ ಹೋದರು.

ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದು ನಮ್ಮ ಕಡೆ ಇಲ್ಲ. ಸಂಜೆ ಚಕ್ಕುಲಿ ಕರಿದು, ತುಂಬಿ, ತಾವೇ ಹಳ್ಳ ದಾಟಿದರು. ಗಿರಿಜತ್ತೆಯೂ ಅದನ್ನು ಖಾಲಿ ಕಳಿಸಲಿಲ್ಲ. ಆ ಡಬ್ಬಿ ಎಷ್ಟು ಸಲ ಓಡಾಡಿತೋ, ಮಳೆಗಾಲ ಹಿಡಿಯುವಷ್ಟರಲ್ಲಿ ಪತ್ರಿಕೆ ಮತ್ತೆ ಬರತೊಡಗಿತು ಎಂದು ಸುಮ ಕಾಗದ ಬರೆದಳು. ಕೊನೆಯ ಹಾಳೆಯನ್ನು ಮಾತ್ರ ದೊಡ್ಡಮ್ಮ ಹೊಲಿಯಲಿಲ್ಲ. "ಬಿಡಿಯಾಗೇ ಇರ್ಲಿ. ಗಿರಿಜಂಗೂ ಓದ್ಬೇಕು ಅನ್ಸತ್ತೆ" ಎಂದಿದ್ದರು.

ಈ ಏಪ್ರಿಲಿನಲ್ಲಿ ಮಗಳ ಶಾಲೆಯವರು ಬೇಸಿಗೆ ಓದಿನ ಪಟ್ಟಿಯನ್ನು ಫೋನಿಗೆ ಕಳಿಸಿದರು. ಒಳ್ಳೆಯ ಪುಸ್ತಕಗಳೇ. ಚಿಕ್ಕಮಗಳೂರಿನ ಮನೆಯಲ್ಲಿ ಕೂತಲ್ಲೇ ತರಿಸಿದೆವು. ತಂದುಕೊಟ್ಟವರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಅವಳು ಹತ್ತು ಪುಟ ಓದಿ ಬದಿಗಿಟ್ಟಳು. ನಾನು ನನ್ನ ಪಾಲಿಗೆ ಬಂದಿದ್ದ, ದೊಡ್ಡಮ್ಮ ಹೊಲಿದ ಸುರಂಗದ ಪುಸ್ತಕ ಕೊಟ್ಟೆ. ಎರಡನೆಯ ದಿನ ಅಡುಗೆಮನೆಗೆ ಓಡಿಬಂದಳು.

"ಅಮ್ಮ, ಬಡ್ದಿದ್ದು ಯಾರು? ಕೊನೆ ಪೇಜ್ ಎಲ್ಲಿ?"

"ಬಾಳೂರಲ್ಲಿದೆ, ಸುಮ ಚಿಕ್ಕಮ್ಮನ ಹತ್ರ."

"ಫೋಟೋ ಕಳ್ಸಕ್ಕೆ ಹೇಳು."

"ಅವಳು ಕಳ್ಸಲ್ಲ."

ಪುಸ್ತಕ ಕೊಡುವ ಮೊದಲೇ ಬಿಡಿ ಹಾಳೆಯನ್ನು ಸುಮಳಿಗೆ ಮುಟ್ಟಿಸಿ, ಫೋಟೋ ಕಳಿಸಬೇಡ ಎಂದು ಹೇಳಿದ್ದವಳು ನಾನೇ. ದೊಡ್ಡಮ್ಮ, ದೊಡ್ಡಪ್ಪ ಈಗಿಲ್ಲ. ಗಿರಿಜತ್ತೆಯೂ ಇಲ್ಲ, ಅವರ ಮನೆ ಹೋಂಸ್ಟೇ ಆಗಿದೆ. ಅಲ್ಲಿ ಬಾಗಿಲಿಗೆ ಹೋದವರನ್ನು ಯಾರು ಕಳ್ಸಿದ್ರು ಎಂದು ಕೇಳುವುದಿಲ್ಲ, ಬುಕಿಂಗ್ ಇದೆಯಾ ಎನ್ನುತ್ತಾರೆ. ಪುಸ್ತಕಕ್ಕೇನೂ ಬರವಿಲ್ಲ. ಒಂದು ಹಾಳೆಗಾಗಿ ಹೋಗಿ ಬಾಗಿಲು ಬಡಿಯಬಹುದಾದ ಮನೆಗಳು ಒಂದೊಂದೇ ಹೋದವು. ನನ್ನ ಮಗಳ ಪಾಲಿಗೆ ಉಳಿದದ್ದು ಒಂದು.

ಮುಖ ಊದಿಸಿಕೊಂಡು ಕೂತಿದ್ದವಳು ಸ್ವಲ್ಪ ಹೊತ್ತಿಗೆ ಎದ್ದು ಚಪ್ಪಲಿ ಹುಡುಕತೊಡಗಿದಳು. "ಬಾಳೂರಿಗೆ ಬಸ್ ಎಷ್ಟೊತ್ತಿಗೆ?" ಎಂದಳು.

ನಾನು ಮೇಲಿನ ಶೆಲ್ಫಿನಿಂದ ಸ್ಟೀಲ್ ಡಬ್ಬಿ ಇಳಿಸಿದೆ.