ಹೊಸಬನೇ ಓಪನರ್

ಆಗೆಲ್ಲ ದೋಹಾದಲ್ಲಿ ಬೆಳಿಗ್ಗೆ ಎ.ಸಿ. ಆರಿಸಿ ಕಿಟಕಿ ತೆರೆಯುವಷ್ಟು ತಂಪಾಯಿತೆಂದರೆ ನಮ್ಮ ಮನೆಯಲ್ಲಿ ಕ್ರಿಕೆಟ್ ಸೀಸನ್ ಶುರು. ಕರಾವಳಿಯವರ ಅಂಡರ್ ಆರ್ಮ್ ಕ್ರಿಕೆಟ್. ಟೆನಿಸ್ ಚೆಂಡು, ಕೈ ಮೇಲೆತ್ತದೆ ಎಸೆತ. ಅಪ್ಪ ನಮ್ಮ ತಂಡದ ಕ್ಯಾಪ್ಟನ್. ಹಿಂದಿನ ಎರಡು ಸೀಸನ್ನುಗಳಲ್ಲಿ ನಾವು ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆದರೂ ಈ ಸಲ ಕಪ್ ನಮ್ಮದೇ ಎಂಬುದರಲ್ಲಿ ಹತ್ತು ವರ್ಷದ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಶಾಲೆಯ ಬಸ್ಸಿನಲ್ಲಿ ಎಲ್ಲರಿಗೂ ಸಾರಿಯೂ ಆಗಿತ್ತು.

"ಕಪ್ ಬಿಡು, ಒಂದು ಮ್ಯಾಚ್ ಗೆದ್ದು ತೋರಿಸು," ಎಂದಳು ಗೆಳತಿ ರೇಷ್ಮಾ. ಅವಳ ಅಪ್ಪನದು ಹೋದ ವರ್ಷ ಗೆದ್ದ ತಂಡ. ಹಾಗಾಗಿ ಅವಳಿಗೆ ಸ್ವಲ್ಪ ಕೊಬ್ಬು ಜಾಸ್ತಿ.

ರಜೆಯ ದಿನ ಶುಕ್ರವಾರ ಬೆಳಕು ಹರಿಯುವ ಮೊದಲೇ ಅಪ್ಪ "ಯಲ್ಲಾ, ಯಲ್ಲಾ" ಎಂದು ಎಬ್ಬಿಸುತ್ತಿದ್ದರು. ಕಾರಿನ ತುಂಬ ಅಮ್ಮ ಕರಿದ ಗೋಳಿಬಜೆಯ ಪರಿಮಳ, ಫ್ಲಾಸ್ಕಿನಲ್ಲಿ ಏಲಕ್ಕಿ ಹಾಕಿದ ಚಹಾ. ಅಬು ಹಮೂರಿನ ಹತ್ತಿರದ ಬಯಲಲ್ಲಿ, ಯಾವುದೋ ಆಫೀಸಿನವರು ಎಸೆದ ಕಾರ್ಪೆಟನ್ನು ಮರಳ ಮೇಲೆ ಹಾಸಿದರೆ ಅದೇ ಪಿಚ್. ತಂಡದಲ್ಲಿ ತುಳು, ಬ್ಯಾರಿ, ಕೊಂಕಣಿ ಎಲ್ಲ ಮಾತಾಡುವವರಿದ್ದರು. ಕ್ಯಾಚ್ ಬಿಟ್ಟವನನ್ನು ಬೈಯುವಾಗ ಮಾತ್ರ ಎಲ್ಲರಿಗೂ ತಿಳಿಯಲೆಂದು ಕನ್ನಡ.

ನಮ್ಮ ಸೋಲಿಗೆ ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು: ಅಪ್ಪನ ಒಂದು ಕಟ್ಟಳೆ. ಊರಿನಿಂದ ಯಾರೇ ಹೊಸದಾಗಿ ಬಂದಿಳಿಯಲಿ, ಜನ್ಮದಲ್ಲಿ ಬ್ಯಾಟು ಹಿಡಿಯದವನೇ ಆಗಿರಲಿ, ಆ ಸೀಸನ್ನಿಗೆ ಅವನೇ ಓಪನರ್. ಆ ವರ್ಷದ ಹೊಸಬ ನಝೀರಣ್ಣ, ಬಟ್ಟೆ ಅಂಗಡಿಯ ಕೆಲಸಕ್ಕೆ ಬಂದಿದ್ದವನು. ಮೊದಲ ಶುಕ್ರವಾರ ಮೊದಲ ಎಸೆತಕ್ಕೇ ಔಟ್. ಮರುವಾರ ಎರಡನೆಯದಕ್ಕೆ.

"ಸುಧಾರಿಸಿದ್ದಿ ಮಾರಾಯ," ಎಂದರು ಅಪ್ಪ.

ನನಗೆ ಮೈಯೆಲ್ಲ ಉರಿಯಿತು. ಮುಂದಿನ ಪಂದ್ಯ ರೇಷ್ಮಾಳ ಅಪ್ಪನ ತಂಡದೊಂದಿಗೆ. ಅಪ್ಪ ಕಾರ್ಪೆಟ್ ಸುತ್ತುತ್ತಿರುವಾಗ ನಾನು ನಝೀರಣ್ಣನ ಹತ್ತಿರ ಹೋದೆ.

"ಅಣ್ಣ, ಮುಂದಿನ ವಾರ ನೀವು ಬರ್ಬೇಡಿ, ಆಯ್ತಾ? ನೀವಿಲ್ಲದಿದ್ರೆ ನಾವು ಗೆಲ್ತೇವೆ."

ನಝೀರಣ್ಣ ನಕ್ಕ. "ಆಯ್ತು ಪುಟ್ಟಿ, ಬರುದಿಲ್ಲ."

ಬರಲಿಲ್ಲ. ಅಪ್ಪ ಫೋನ್ ಮಾಡಿದಾಗ ಜ್ವರ ಎಂದನಂತೆ. ಮತ್ತು ನಾವು ಗೆದ್ದೆವು! ಕೊನೆಯ ಓವರಿನಲ್ಲಿ, ನಾಲ್ಕು ರನ್ನಿನಿಂದ. ರೇಷ್ಮಾಳ ಮುಖ ನೋಡಬೇಕಿತ್ತು ನೀವು. ನಾನು ಕೂಗಿ ಕೂಗಿ ಗಂಟಲು ಕಟ್ಟಿತು. ಮನೆಗೆ ಮರಳುವಾಗ ಕಾರಿನಲ್ಲಿ ಜಂಬ ತಡೆಯಲಾಗದೆ ಬಾಯಿಬಿಟ್ಟೆ: "ನಝೀರಣ್ಣನಿಗೆ ಬರ್ಬೇಡಿ ಅಂತ ಹೇಳಿದ್ದೇ ನಾನು!"

ಅಪ್ಪ ಕಾರನ್ನು ಬದಿಗೆ ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ.

"ನಾನು ಇಲ್ಲಿಗೆ ಬಂದ ಹೊಸತರಲ್ಲಿ ಶುಕ್ರವಾರ ಅಂದ್ರೆ ಹೆದರಿಕೆ ಮಗಾ," ಎಂದರು. "ಬಾಕಿ ದಿನ ಕೆಲಸ ಉಂಟು. ಶುಕ್ರವಾರ ಎಂತ ಮಾಡುದು? ಗೋಡೆ ನೋಡುದು. ಯಾರೋ ಒಬ್ರು ಕರ್ಕೊಂಡು ಹೋಗಿ ಕೈಗೆ ಬ್ಯಾಟ್ ಕೊಟ್ರು. ನಂಗೂ ಆಟ ಬರ್ತಿರ್ಲಿಲ್ಲ."

ಕಾರು ನೇರ ನಝೀರಣ್ಣನ ರೂಮಿಗೆ ಹೋಯಿತು. ಎರಡಂತಸ್ತಿನ ಮಂಚಗಳ ಇಕ್ಕಟ್ಟಿನ ಕೋಣೆ. ಮೇಲಿನ ಮಂಚದಲ್ಲಿ ಅವನೊಬ್ಬನೇ ಕೂತಿದ್ದ, ಇಸ್ತ್ರಿ ಹಾಕಿದ ನಮ್ಮ ತಂಡದ ಜೆರ್ಸಿ ತೊಟ್ಟು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಮ್ಯಾಚ್ ಎಂತಾಯ್ತು?" ಅದೇ ಅವನ ಮೊದಲ ಮಾತು.

"ಗೆದ್ದೆವು," ಎಂದರು ಅಪ್ಪ. ನಝೀರಣ್ಣ ಮಂಚದಿಂದ ಹಾರಿ ಇಳಿದು ಅಪ್ಪನನ್ನು ತಬ್ಬಿಕೊಂಡ. ಮೈದಾನದಲ್ಲಿ ಆಡಿದವರ್‍ಯಾರೂ ಅಷ್ಟು ಕುಣಿದಿರಲಿಲ್ಲ.

"ಮುಂದಿನ ವಾರ ನೀವೇ ಓಪನಿಂಗ್," ಎಂದೆ ನಾನು, ನೆಲ ನೋಡುತ್ತ.

"ಸೋಲ್ತೇವಲ್ಲ ಪುಟ್ಟಿ?"

"ಸೋಲುವ."

ಉಳಿದ ಪಂದ್ಯಗಳನ್ನೆಲ್ಲ ಶಿಸ್ತಾಗಿ ಸೋತೆವು. ಒಂದು ಶುಕ್ರವಾರ ನಝೀರಣ್ಣ ಏಳು ರನ್ ಹೊಡೆದ. ಆ ಏಳಕ್ಕೆ ಕೂಗಿದಷ್ಟು ನಾನು ಆ ಗೆಲುವಿಗೂ ಕೂಗಿರಲಿಲ್ಲ. ಮುಂದಿನ ವರ್ಷ ಕಪ್ ನಮ್ಮದೇ ಎಂದು ಬಸ್ಸಿನಲ್ಲಿ ಮತ್ತೆ ಸಾರಿದೆ.

ಅಪ್ಪನ ತಂಡ ಈಗಿಲ್ಲ, ಆ ಬಯಲಲ್ಲಿ ಸಾಲು ವಿಲ್ಲಾಗಳು. ಟೂರ್ನಿಗೆ ಹುಲ್ಲಿನ ಮೈದಾನ ಬಂದಿದೆ, ಹೊನಲು ಬೆಳಕು ಬಂದಿದೆ, ಆಟಗಾರರನ್ನು ಹರಾಜಿನಲ್ಲಿ ಆರಿಸುತ್ತಾರೆ. ಆಟ ಸೊಗಸಾಗಿದೆ, ಸುಳ್ಳು ಹೇಳಬಾರದು. ನಾನೂ ಹೋಗಿ ಕೂಗಿ ಬರುತ್ತೇನೆ. ಮೊನ್ನೆ ವೆಸ್ಟ್ ಬೇಯಲ್ಲಿರುವ ನಮ್ಮ ಆಫೀಸಿಗೆ ಕುಂದಾಪುರದ ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿದ. ಕ್ರಿಕೆಟ್ ಆಡ್ತೀರಾ ಎಂದು ಕೇಳಿದೆ.

"ಆಸೆ ಉಂಟು ಮೇಡಂ. ಆಡ್ಲಿಕ್ಕೆ ಬರುದಿಲ್ಲ," ಎಂದ.

ಈ ಊರಿನ ತಂಡಗಳ ಹೆಸರೆಲ್ಲ ನನಗೆ ಬಾಯಿಪಾಠ. ಒಂದೊಂದನ್ನೇ ನೆನೆಸುತ್ತ ಹೋದೆ. ಅವನನ್ನು ಕಳಿಸಬಹುದಾದ ತಂಡ ಒಂದೂ ಸಿಗಲಿಲ್ಲ.